ಬಾಣಂತಿ ಕೋಣೆಯ ಗಾಜಿನ ಕಪಾಟು

ಜನವರಿ 6, 2018
ಕೂಸಿಗೆ ಎಣ್ಣೆ ಹಚ್ಚಿ ಎರೆದೆ. ಮಗಳು ನೀಲಾಳಿಗೂ. ಬಾಣಂತಿ ಮಂಚದ ಕೆಳಗೆ ಕೆಂಡ ಇಡೋಣವೆಂದರೆ ಇಲ್ಲಿ ಅಲಾರ್ಮು ಹೊಡೆದುಕೊಳ್ಳುತ್ತದೆ. ಹೀಟರೇ ಗತಿ. ಕೆನಡಾದ ಈ ಅರೋರಾ ಊರು ಪೂರ್ತಿ ಹಿಮ.

ಅಳಿಯಂದಿರು ನಿಜಗುಣ, ಥಾರ್ನ್‌ಹಿಲ್ ಎಂಬ ಊರಿನಲ್ಲಿ ತೀರಿಕೊಂಡವರ ಮನೆ ಸಾಮಾನು ಮಾರುವ ಎಸ್ಟೇಟ್ ಸೇಲಿನಿಂದ ಗಾಜಿನ ಕಪಾಟು ತಂದರು. ಹಳೆಯದನ್ನು ಕೊಂಡು, ಪಾಲಿಶ್ ಮಾಡಿ ಮಾರುವುದು ಅವರ ವೀಕೆಂಡ್ ಹುಚ್ಚು. ಬೇಸ್‌ಮೆಂಟಲ್ಲಿ ನೀರು ಬಂದಿದೆ, ಅದಕ್ಕೆ ಬಾಣಂತಿ ಕೋಣೆಗೇ ಬಂತು. ಗುಡಿಯ ಹಾಗೆ ಎರಡು ಕಂಬ, ನೆತ್ತಿಯ ಮೇಲೆ ರೆಕ್ಕೆ ಬಿಚ್ಚಿದ ಹದ್ದು, ಒಳಗೆ ಹಿಂಬದಿಗೆಲ್ಲ ಕನ್ನಡಿ.

"ಅತ್ತೀ, ಜ್ವಾಕಿ. ಅಮೆರಿಕಾದ್ದು. ನಿಯೋಕ್ಲಾಸಿಕಲ್ ಅಂತಾರ, ಹಳೇ ಗ್ರೀಕ್ ಗುಡಿ ನಮೂನಿ. ಇನ್ನೂರು ವರ್ಷದ್ದು, ನಿಮ್ಮ ಮುತ್ತಜ್ಜಿಗಿಂತ ಹಿರ್ಯಾಕಿ."

"ಹಂಗಾದ್ರ ಆಕಿಗೂ ಒಂದು ಕೌದಿ ಹೊಚ್ರಿ," ಅಂದೆ. ನೀಲಾ ನಕ್ಕಳು. ಹೆತ್ತ ಮೇಲೆ ಅಷ್ಟು ನಕ್ಕಿದ್ದು ಇವತ್ತೇ.

ಜನವರಿ 19
ಕಪಾಟಿನ ತಳದಲ್ಲಿ, ಕನ್ನಡಿಯ ಅಂಚಿಗೆ, ಬೆಳ್ಳಿಯಂಥ ಹನಿಗಳು. ಬೆರಳಿಟ್ಟರೆ ಓಡುತ್ತವೆ. ಪಾದರಸ. ಹಿಂದಿನ ಕಾಲದ ಕನ್ನಡಿಯ ಬೆನ್ನಿಗೆ ಪಾದರಸ ಬಳಿಯುತ್ತಿದ್ದರಂತೆ. ಹೀಟರ್ ಪಕ್ಕದಲ್ಲೇ ಇದೆ, ಕನ್ನಡಿಯೇ ಬೆವರಿದ ಹಾಗೆ...

ನಮ್ಮೂರ ಮಠದಲ್ಲಿ ಪಾದರಸದ ಲಿಂಗವಿತ್ತು. ಅದರ ಮುಂದೆ ಕೂಸನ್ನು ಮಲಗಿಸಿ ಎತ್ತಿದರೆ ದೃಷ್ಟಿ ತಾಕದು ಎನ್ನುತ್ತಿದ್ದರು. ಇಲ್ಲಿ ತಾನಾಗಿಯೇ ಬಂದಿದೆ. ಕಾಗದದಿಂದ ಬಳಿದು ಬಟ್ಟಲಿಗೆ ಹಾಕಿ, ತೊಟ್ಟಿಲ ತಲೆಯ ಕಡೆ ಇಟ್ಟೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ನೀಲಾ, "ಯವ್ವಾ, ಇದು ಕೆನಡಾ," ಅನ್ನುತ್ತಾಳೆ.

ಫೆಬ್ರವರಿ 8
ಕೂಸಿನ ಅಂಗೈ, ಅಂಗಾಲು ಗುಲಾಬಿ. ಗದಗದಲ್ಲಿರುವ ತಂಗಿ ಶಾರದವ್ವನಿಗೆ ವಿಡಿಯೋದಲ್ಲಿ ತೋರಿಸಿದೆ.

"ಲಕ್ಷ್ಮೀ ಕಾಲು ಬಿಡ ಅಕ್ಕಾ. ಸದ್ಯ, ನಿನ್ನಂಗ ಎಮ್ಮಿ ಕಾಲು ಬರ್ಲಿಲ್ಲ."

ನನ್ನ ಉಂಗುರ ಬೆಳ್ಳಗಾಗಿದೆ — ಹನಿ ಬಳಿದ ಕೈಯದು. ಬಂಗಾರ ಬಣ್ಣ ಬಿಡುತ್ತದೆಯೇ? ಆ ಕೈ ತಂಗಿಗೆ ತೋರಿಸಲಿಲ್ಲ.

ಫೆಬ್ರವರಿ 25
ಬರೆಯಲು ಆಗಿರಲಿಲ್ಲ. ಕೂಸು ಎದೆಗೆ ಬಾಯಿ ಇಡುತ್ತಿಲ್ಲ. ಮೈಯೆಲ್ಲ ಬೆವರು. ಅಂಗೈ ಸಿಪ್ಪೆ ಏಳುತ್ತಿದೆ. ಕಿಟಕಿಯ ಬೆಳಕು ಬಿದ್ದರೆ ಕಿರುಚುತ್ತದೆ. ಕ್ಲಿನಿಕ್ಕಿನಲ್ಲಿ ವೈರಸ್ ಅಂದರಂತೆ, ಮುಲಾಮು ಕೊಟ್ಟಿದ್ದಾರೆ.

ನೀಲಾಳ ಕೈಯಲ್ಲಿ ಲೋಟ ನಿಲ್ಲುತ್ತಿಲ್ಲ. "ಯವ್ವಾ, ನೀ ಮುದುಕಿ ಆಗೂದು ಬಿಟ್ಟು ನಾ ಯಾಕ ಆಗಾಕತ್ತೀನಿ?"

ನನ್ನ ಕೈಯೂ ನಡುಗುತ್ತಿದೆ, ಅಕ್ಷರ ಸೊಟ್ಟ. ಥಂಡಿ ಹಿಡಿದಿರಬೇಕು. ಹೀಟರ್ ಹೆಚ್ಚಿಸಿದೆ. ಬಟ್ಟಲನ್ನು ಕೂಸಿಗೆ ಇನ್ನೂ ಹತ್ತಿರ ಸರಿಸಿದೆ.

ಮಾರ್ಚ್ 2
ಕೂಸನ್ನು ಆಸ್ಪತ್ರೆಗೆ ಸೇರಿಸಿದ್ದಾರೆ. ನೀಲಾ ಅಲ್ಲೇ ಇದ್ದಾಳೆ. ಮನೆಯಲ್ಲಿ ನಾನು, ಖಾಲಿ ತೊಟ್ಟಿಲು, ಆ ಹದ್ದು. ಕೋಣೆ ಬೆಚ್ಚಗೇ ಇಟ್ಟಿದ್ದೇನೆ. ಕಪಾಟಿನಲ್ಲಿ ಹೊಸ ಹನಿ ಬಂದಿವೆ.

ಮಾರ್ಚ್ 5, ಬೆಳಿಗ್ಗೆ
ನಿಜಗುಣರ ಫೋನು.

"ಅತ್ತೀ, ಡಾಕ್ಟರು ಕೇಳಿದ್ರು, ಮನ್ಯಾಗ ಥರ್ಮಾಮೀಟರ್ ಒಡದಿತ್ತೇನು ಅಂತ. ಪಾದರಸದ ಗಾಳಿ ಹೊಕ್ಕರ ಕೂಸಿಗೆ ಹಿಂಗ ಆಗತೈತಂತ. ಬಿಸಿ ತಾಗಿದ್ರ ಇನ್ನೂ ಏಳತೈತಂತ, ವಿಷ. ನಾ ಇಲ್ಲ ಅಂದೆ. ಹೌದಲ್ರಿ?"

"ಹೌದ್ರಿ," ಅಂದೆ. ಬಾಯಿಂದ ಅದೇ ಬಂತು.

"ಬ್ಲಡ್ ರಿಪೋರ್ಟ್ ಬರೂದೈತಿ. ಇಲ್ಲಿ ಬಂದ ಮ್ಯಾಲೆ ಹಾಲು ಕುಡ್ಯಾಕತ್ತೈತಿ. ಮಧ್ಯಾಹ್ನ ಮನೀಗೆ ಕರಕೊಂಡು ಬರ್ತೀವಿ."

ಮಧ್ಯಾಹ್ನ
ಹೀಟರ್ ಆರಿಸಿದೆ. ಕಿಟಕಿ ತೆರೆದೆ. ಯಾರಿಗೂ ಗೊತ್ತಾಗದ ಹಾಗೆ ಹಿತ್ತಲ ಹಿಮಕ್ಕೆ ಸುರಿದುಬಿಡೋಣವೆಂದು ಬಟ್ಟಲು ಎತ್ತಿದೆ. ಕೈ ನಡುಗಿತು. ತೊಟ್ಟಿಲ ಕೆಳಗೇ ಚೆಲ್ಲಿತು. ಕಾರ್ಪೆಟ್ಟಿನಲ್ಲಿ ಒಮ್ಮೆ ಮಿಂಚಿ ಇಳಿದುಹೋಯಿತು.

ನಿಜಗುಣರಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ನೀಲಾಳಿಗೆ ಹಚ್ಚಿದೆ. ಅದೂ ಇಲ್ಲ. ದಾರಿಯಲ್ಲಿರಬೇಕು.

ಮುಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದೇನೆ. ಹೇಳಬೇಕಾದದ್ದನ್ನು ಬರೆದುಕೊಂಡರೆ ಬೆಳಿಗ್ಗೆಯ ಹಾಗೆ ಬಾಯಿ ತಪ್ಪುವುದಿಲ್ಲ. ಕೂಸಿಗೆ ಆರತಿ ಎತ್ತುವುದಿಲ್ಲ. ಬಾಗಿಲಿಗೆ ಅಡ್ಡ ನಿಲ್ಲಬೇಕು. ಕೂಸನ್ನು ಕಾರಿನಿಂದ ಇಳಿಸಬೇಡಿ, ವಾಪಸ್ ಆಸ್ಪತ್ರೆಗೆ ಹೋಗಿ ಅನ್ನಬೇಕು. ಯಾಕೆ ಅಂತ ನೀಲಾ ಕೇಳುತ್ತಾಳೆ.

ಕಾರು ಬಂತು. ನೀಲಾ, ನಾನೇ ನಿನ್ನ ಕೂಸಿಗೆ—