ಗುರುವಾರದ ನಲವತ್ತು ನಿಮಿಷ

ಸಾನ್‌ಜಿಯಾ ಗೇಟು,
೧೨ ಏಪ್ರಿಲ್ ೧೯೮೮, ಮಂಗಳವಾರ

ಲಾವ್ ಯಾನ್‌ಗೆ,

ನಿನ್ನ ಕಾಗದ ಬಂತು. ಹೇಗಿದ್ದೀಯ, ಊಟ ಮಾಡಿದೆಯಾ ಎಂದು ಒಂದು ಮಾತಿಲ್ಲ. ಎರಡು ಪುಟದ ತುಂಬ ಒಂದೇ ಪ್ರಶ್ನೆ: ಡಿಪೋ ಕಚೇರಿಗೆ ಆ ಹೆಸರಿಲ್ಲದ ಪತ್ರ ಬರೆದವರು ಯಾರು? ಉತ್ತರವನ್ನೂ ನೀನೇ ಬರೆದುಕೊಂಡಿದ್ದೀಯ, ದು ಎಂದು. ಇಪ್ಪತ್ತೆರಡು ವರ್ಷದ ಹಿಂದೆ ಒಂದೇ ಎಂಜಿನ್ನಿನ ಬಾಯಿಗೆ ಇಬ್ಬರೂ ಕಲ್ಲಿದ್ದಲು ಎರಚುತ್ತಾ ಕೆಲಸ ಕಲಿತವರು ನೀವು. ಈಗ ಅವನು ಕೊಟ್ಟಿದ್ದ ಫ್ಲಾಸ್ಕನ್ನು ಅವನ ಹೊಸ್ತಿಲ ಮೇಲಿಟ್ಟು ಮಾತಾಡದೆ ಬಂದೆಯಂತೆ. ಅವನ ಹೆಂಡತಿ ಬಂದರೆ ಮನೆಯೊಳಗೆ ಸೇರಿಸಬೇಡ ಎಂದು ನನಗೂ ಅಪ್ಪಣೆ.

ದು ಬರೆದಿಲ್ಲ. ಬರೆದವರು ಯಾರೆಂದು ನನಗೆ ಗೊತ್ತು. ಹೇಗೆ ಗೊತ್ತು ಎನ್ನುವುದನ್ನು ಮೊದಲಿನಿಂದಲೇ ಹೇಳಬೇಕು, ಕೊನೆಯವರೆಗೂ ಓದು. ಮಾತಿನ ಮಧ್ಯೆ ಬಾಗಿಲು ಬಡಿದು ಎದ್ದುಹೋಗುವ ಅಭ್ಯಾಸ ನಿನಗೆ, ಕಾಗದಕ್ಕೂ ಹಾಗೆ ಮಾಡಿಯೇನೋ ಎಂದು ನನಗೆ ಭಯ. ಇಪ್ಪತ್ತನೇ ತಾರೀಕು ಡೀಸೆಲ್ ತರಗತಿಯ ಕೊನೆಯ ಪಟ್ಟಿ ಮುಚ್ಚುತ್ತದೆ. ಆ ಪಟ್ಟಿಯಲ್ಲಿ ನಿನ್ನ ಹೆಸರು ಮತ್ತೆ ಸೇರದಿದ್ದರೆ, ಶರತ್ಕಾಲದಲ್ಲಿ ಉಗಿ ಎಂಜಿನ್ನುಗಳೆಲ್ಲ ಗುಜರಿಗೆ ಹೋದ ಮೇಲೂ ನೀನು ಈಗಿರುವ ಬೂದಿಗುಂಡಿಯಲ್ಲೇ ಸಲಿಕೆ ಹಿಡಿದು ನಿಂತಿರಬೇಕು. ಅದು ನನಗೂ ನಿನ್ನಷ್ಟೇ ಗೊತ್ತು.

ನನ್ನ ಹತ್ತಿರ ಒಂದು ಪುಸ್ತಕವಿತ್ತು. ನಾನು ಕಾಯುವ ರೈಲ್ವೆ ಗೇಟಿನ ಸರ್ಕಾರಿ ರಿಜಿಸ್ಟರ್ ಅಲ್ಲ, ಬೇರೆಯದು. ಅಂಗೈಯಷ್ಟು ಗಾತ್ರ, ಕೆಂಪು ರಟ್ಟು, ಹತ್ತಿ ಕೋಟಿನ ಒಳಜೇಬಿನಲ್ಲಿ ಇರುತ್ತಿತ್ತು. ಯಾವ ಎಂಜಿನ್ ಎಷ್ಟು ಹೊತ್ತಿಗೆ ಮೇಲೆ ಹೋಯಿತು, ಎಷ್ಟು ಹೊತ್ತಿಗೆ ಕೆಳಗೆ ಬಂತು, ಸೀಟಿ ಹೇಗಿತ್ತು, ಎಲ್ಲ ಅದರಲ್ಲಿ ಬರೆಯುತ್ತಿದ್ದೆ. ಮೊದಮೊದಲು ಅದು ಬರೀ ಪ್ರೀತಿಗೆ. ನಿನ್ನ ಎಂಜಿನ್ ೬೪೧೭ ಕಣಿವೆಯ ಕೆಳಗಿನಿಂದ ರೈಲಿನ ಬಾಲಕ್ಕೆ ಅಂಟಿಕೊಂಡು ತಳ್ಳುತ್ತಾ ಏದುಸಿರು ಬಿಡುತ್ತಾ ಬರುವಾಗ ನಾನು ಬಾವುಟ ಹಿಡಿದು ನೆಟ್ಟಗೆ ನಿಲ್ಲುತ್ತಿದ್ದೆ. ಎರಡು ಉದ್ದ, ಒಂದು ಗಿಡ್ಡ, ಆಮೇಲೆ ಎಳೆದೆಳೆದು ಬಿಡುವ ಒಂದು ಬಾಲ. ಅಂಥ ಸೀಟಿ ಈ ದಾರಿಯಲ್ಲಿ ನಿನ್ನ ಕೈ ಬಿಟ್ಟರೆ ಇನ್ನೊಂದು ಕೈಗೆ ಬರುವುದಿಲ್ಲ. ಹೊರಡುವವರಿಗೆ ಕಡುಬು, ಮರಳುವವರಿಗೆ ನೂಡಲ್ಸ್ ಎಂಬುದು ನಮ್ಮ ಪದ್ಧತಿ. ಬೆಳಿಗ್ಗೆ ನಾನು ಕಡುಬು ತಿನ್ನಿಸಿ ಕಳಿಸಿದವನು ಘಟ್ಟದ ತುದಿಯಿಂದ ಎಂಜಿನ್ ಒಂದನ್ನೇ ಇಳಿಸಿಕೊಂಡು ಮತ್ತೆ ಸೀಟಿ ಹಾಕಿದನೆಂದರೆ, ಇನ್ನೆರಡು ಗಂಟೆಗೆ ಪಾಳಿ ಮುಗಿಸಿ, ಮೇಲೆ ಬರುವ ರೈಲಿನ ಗಾರ್ಡ್ ಡಬ್ಬಿ ಹತ್ತಿ ಮನೆಗೆ ಬರುತ್ತಾನೆ, ನೂಡಲ್ಸಿಗೆ ಹಿಟ್ಟು ಕಲಸಬೇಕು. ಹತ್ತೊಂಬತ್ತು ವರ್ಷ ನಮ್ಮ ಮನೆಗೆ ಬೇರೆ ಗಡಿಯಾರ ಬೇಕಿರಲಿಲ್ಲ.

ನಮ್ಮಲ್ಲಿ ಎಂಜಿನ್ ಎಂದರೆ ಮನುಷ್ಯ. ಹಗಲು ಪಾಳಿಯ ೬೪೧೭ ಎಂದರೆ ಲಾವ್ ಯಾನ್. ಬೇರೆ ಯಾರೂ ಅದರ ಹಿಡಿಕೆ ಮುಟ್ಟುವುದಿಲ್ಲ, ನೀನು ತಿಕ್ಕಿ ಬೆಳಗಿದ ಹಿತ್ತಾಳೆಯ ಮೇಲೆ ಬೇರೆಯವರು ಉಸಿರೂ ಬಿಡುವುದಿಲ್ಲ. ನಂಬರ್ ನೋಡಿದರೆ ಸಾಕು, ಮುಖ ನೋಡಬೇಕಿಲ್ಲ. ಚಳಿಗಾಲದಲ್ಲಂತೂ ಎಂಜಿನ್ನಿನ ಬಾಗಿಲಿಗೆ ಕ್ಯಾನ್ವಾಸ್ ಪರದೆ ಎಳೆದಿರುತ್ತೀರಿ, ಹೊರಗೆ ಬರುವುದು ಒಂದು ಕೈ ಮಾತ್ರ. ಆ ಕೈಗೆ ನಾನೇ ಹೆಣೆದ ಬೂದುಬಣ್ಣದ ಗವಸು. ಹೆಬ್ಬೆರಳಿಗೆ ಉಣ್ಣೆ ಸಾಲದೆ ಕೆಂಪು ಹಾಕಿದ್ದೆ, ನೆನಪಿರಬೇಕು.

ನವೆಂಬರಿನಲ್ಲಿ ನನಗೆ ಅನುಮಾನ ಶುರುವಾಯಿತು. ಗೇಟಿನ ಮುಂದೆ ನಿಂತರೆ ಕೆಳಗೆ ಬಾಯ್‌ಷಿ ನಿಲ್ದಾಣ ಪೂರ್ತಿ ಕಾಣುತ್ತದಲ್ಲ, ನೀರಿನ ಗೋಪುರ, ಅದರ ಪಕ್ಕ ವಿಧವೆ ತಾಂಗ್‌ಳ ಬನ್ನಿನ ಅಂಗಡಿ. ಘಟ್ಟ ಇಳಿದು ಬರುತ್ತಾ ನೀರು ತುಂಬಿಸಲು ನೀನು ಅಲ್ಲಿ ನಿಲ್ಲುತ್ತೀಯ, ಹನ್ನೆರಡು ನಿಮಿಷ, ಹೆಚ್ಚೆಂದರೆ ಹದಿನೈದು. ಆದರೆ ಗುರುವಾರ ಬಂತೆಂದರೆ ನಲವತ್ತು ನಿಮಿಷ. ಮುಂದಿನ ಗುರುವಾರ ಮತ್ತೆ ನಲವತ್ತು, ಅದರ ಮುಂದಿನದು ನಲವತ್ಮೂರು. ಎಂಜಿನ್ನಿನ ಹಬೆಯೂ ಅವಳ ಚಿಮಣಿಯ ಹೊಗೆಯೂ ಒಂದರೊಳಗೊಂದು ಸೇರಿಕೊಂಡು ಮೇಲೇಳುವುದನ್ನು ನಾನು ಬಾವುಟ ಹಿಡಿದು ನೋಡುತ್ತಿದ್ದೆ. ಸಂಜೆ ನೀನು ಬಂದು ನೂಡಲ್ಸ್ ಮುಂದೆ ಕೂತು, ಇವತ್ತು ದಾರಿ ಹೇಗಿತ್ತು ಎಂದು ನಾನು ಕೇಳಿದರೆ, ಎಂದಿನಂತೆ ಇತ್ತು ಎನ್ನುತ್ತಿದ್ದೆ. ಗುರುವಾರಗಳಲ್ಲಿ ನಿನ್ನ ಉಗುರಿನಲ್ಲಿ ಮಸಿಯೂ ಕಡಿಮೆ ಇರುತ್ತಿತ್ತು. ಯಾರ ಮನೆಯಲ್ಲಿ ಕೈತೊಳೆದು ಬಂದನೋ ಎಂದುಕೊಂಡೆ.

ಡಿಸೆಂಬರಿನಲ್ಲಿ ಆ ವಿದೇಶಿಯವನು ಬಂದ. ಉದ್ದ ಮೂಗಿನವನು, ನಿನಗೆ ಹೇಳಿದ್ದೆ. ಮೈನಸ್ ಇಪ್ಪತ್ತರ ಚಳಿಯಲ್ಲಿ ನಮ್ಮ ಗೇಟಿನ ಮೇಲಿನ ದಿಬ್ಬ ಹತ್ತಿ, ಕ್ಯಾಮೆರಾ ನೆಟ್ಟು, ಮೂರು ದಿನ ನಿಂತ. ರೈಲು ಬಂದರೆ ಫೋಟೋ, ಹೋದ ಮೇಲೆ ಪುಸ್ತಕದಲ್ಲಿ ಏನೋ ಬರವಣಿಗೆ. ಉಗಿ ಎಂಜಿನ್ ಬಂದರೆ ಮಗುವಿನ ಹಾಗೆ ಮುಖ ಅರಳುತ್ತಿತ್ತು, ಹೊಸ ಡೀಸೆಲ್ ಬಂದರೆ ನಂಬರಷ್ಟೇ ಗೀಚಿ ಮೂಗೊರೆಸಿಕೊಳ್ಳುತ್ತಿದ್ದ. ಇಂಥವನನ್ನು ನಂಬುವುದು ಹೇಗೆ? ಎರಡನೇ ದಿನ ನಾನೇ ಭದ್ರತಾ ಕಚೇರಿಯ ಪಾಂಗ್‌ಗೆ ಹೇಳಿ ಕಳಿಸಿದೆ. ಪಾಂಗ್ ಬಂದು, ಅನುಮತಿ ಕಾಗದ ನೋಡಿ, ಪುಸ್ತಕ ಇಸಿದುಕೊಂಡು ಒಂದೊಂದೇ ಪುಟ ತಿರುವಿದ. ಬರೀ ನಂಬರು, ಗಂಟೆ, ನಿಮಿಷ.

"ಇಷ್ಟಕ್ಕೋಸ್ಕರ ಸಮುದ್ರ ದಾಟ್ಕೊಂಡ್ ಬಂದ್ನಂತೆ. ಹೊಟ್ಟೆಗೆ ಹಿಟ್ಟಿಲ್ದೆ ಇದ್ರೆ ಇಂಥ ಹುಚ್ಚು ಹಿಡಿಯಲ್ಲ ಬಿಡಕ್ಕ," ಎಂದ ಪಾಂಗ್. ಆಮೇಲೆ ದನಿ ತಗ್ಗಿಸಿ, "ನಮ್ಮೋರಲ್ಲಿ ಯಾರಾದ್ರೂ ಹಿಂಗೆ ರೈಲಿನ ಹೊತ್ತು ಬರ್ಕೊಂಡಿದ್ದು ಸಿಕ್ಲಿ, ಆವತ್ತೇ ಒಳಗ್ ಹಾಕಿಸ್ತೀನಿ," ಎಂದ.

ನನ್ನ ಕೋಟಿನೊಳಗಿನ ಪುಸ್ತಕ ಆಗ ಕೆಂಡದ ಹಾಗೆ ಸುಟ್ಟಿತು. ಆದರೂ ಮರುದಿನ, ಗುರುವಾರ, ಮತ್ತೆ ಬರೆದೆ. ನಲವತ್ತೊಂದು ನಿಮಿಷ. ಆ ದಿನ ವಿದೇಶಿಯವನು ನನ್ನದೂ ಒಂದು ಫೋಟೋ ತೆಗೆದು, ಕೈಮುಗಿದು, ಕ್ಯಾಮೆರಾ ಹೊತ್ತು ಬಾಯ್‌ಷಿಯ ಕಡೆ ಇಳಿದು ಹೋದ. ಪೀಡೆ ತೊಲಗಿತು ಎಂದುಕೊಂಡೆ.

ಹೆಸರಿಲ್ಲದ ಪತ್ರ ಕಚೇರಿಗೆ ಹೋದದ್ದು ಫೆಬ್ರವರಿಯಲ್ಲಿ. ಅದರಲ್ಲಿದ್ದದ್ದು ನಾಲ್ಕೇ ಸಾಲು: ಚಾಲಕ ಯಾನ್ ಬಾಯ್‌ಷಿಯ ವಿಧವೆಯೊಂದಿಗೆ ಸಂಬಂಧ ಇಟ್ಟುಕೊಂಡಿದ್ದಾನೆ, ಸರ್ಕಾರದ ಕಲ್ಲಿದ್ದಲು ಉರಿಸಿ ಅವಳ ಬಾಗಿಲಲ್ಲಿ ಎಂಜಿನ್ ನಿಲ್ಲಿಸುತ್ತಾನೆ, ಇಂಥವನ ಕೈಗೆ ಹೊಸ ಯಂತ್ರ ಕೊಡುವುದು ಹೇಗೆ. ದಿನವಿಲ್ಲ, ಹೊತ್ತಿಲ್ಲ. ದಿನ ಬರೆದಿದ್ದರೆ ನಿನಗೆ ಕಷ್ಟವೇ ಇರುತ್ತಿರಲಿಲ್ಲ. ಗುರುವಾರವೇ, ಆ ದಿನ ನಾನು ಡೀಸೆಲ್ ತರಗತಿಯಲ್ಲಿದ್ದೆ, ಹಾಜರಿ ನೋಡಿ, ಎಂದು ನೀನು ಹೇಳಿಬಿಡುತ್ತಿದ್ದೆ. ಕಚೇರಿಯವರು ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ವಿಷಯ ಸ್ಪಷ್ಟವಾಗುವವರೆಗೆ ಎಂದು ನಿನ್ನ ಹೆಸರು ಹೊಡೆದುಹಾಕಿ ಘಟ್ಟದಾಚೆಯ ಬೂದಿಗುಂಡಿಗೆ ಕಳಿಸಿದರು.

ಆ ದಿನ ಮನೆಗೆ ಬಂದು ನೀನು ಮೊದಲ ಸಲ ಬಾಯಿಬಿಟ್ಟೆ. ನವೆಂಬರಿನಿಂದ ಗುರುವಾರ ಗುರುವಾರ ಡೀಸೆಲ್ ತರಗತಿಗೆ ಹೋಗುತ್ತಿದ್ದೆ, ನಲವತ್ತಾರನೇ ವಯಸ್ಸಿಗೆ ಮೀಸೆ ಬಾರದವರ ಜೊತೆ ಬೆಂಚಿನಲ್ಲಿ ಕೂತು ಪರೀಕ್ಷೆಯಲ್ಲಿ ಬಿದ್ದರೆ ನಿನಗೆ ಹೇಗೆ ಮುಖ ತೋರಿಸಲಿ ಎಂದು ಹೇಳಿರಲಿಲ್ಲ, ಎಂದೆ. ನಾನು ನಕ್ಕುಬಿಟ್ಟೆ. ಆ ನಗುವನ್ನು ನೆನೆದರೆ ಈಗ ನನಗೇ ಹೇಸಿಗೆಯಾಗುತ್ತದೆ. "ಸುಳ್ಳು ಹೇಳೋದಾದ್ರೆ ಸ್ವಲ್ಪ ಚೆಂದಾಗ್ ಹೇಳು. ನಿನ್ ಸೀಟಿ ಕೇಳಿದೀನಿ, ನಿನ್ ಗವಸು ನೋಡಿದೀನಿ," ಎಂದೆ. ನೀನು ಹಾಸಿಗೆ ಸುತ್ತಿಕೊಂಡು ಹೋದವನು ಇವತ್ತಿನವರೆಗೂ ಬಂದಿಲ್ಲ.

ಮಾರ್ಚ್ ಕೊನೆಗೆ ಪಾಂಗ್ ಒಂದು ಲಕೋಟೆ ತಂದುಕೊಟ್ಟ, ಒಡೆದು ನೋಡಿದ್ದು. ಸಾನ್‌ಜಿಯಾ ಗೇಟಿನ ಬಾವುಟದ ಹೆಂಗಸಿಗೆ, ಎಂದು ಯಾರಿಂದಲೋ ನಮ್ಮ ಅಕ್ಷರದಲ್ಲಿ ವಿಳಾಸ ಬರೆಸಿದ್ದ ಆ ಉದ್ದ ಮೂಗಿನವನು. ಒಳಗೆ ಎರಡು ಫೋಟೋ. ಒಂದರಲ್ಲಿ ನಾನು, ಮೂತಿ ಉಬ್ಬಿಸಿಕೊಂಡು. ಇನ್ನೊಂದರಲ್ಲಿ ಬಾಯ್‌ಷಿಯ ನೀರಿನ ಗೋಪುರದ ಕೆಳಗೆ ೬೪೧೭. ಹಿಂದುಗಡೆ ನಂಬರು ಮತ್ತು ತಾರೀಕು, ಡಿಸೆಂಬರ್ ಹದಿನೇಳು, ಗುರುವಾರ. ಫೋಟೋದಲ್ಲಿ ತೆಗೆಯಬಾರದ ಸೇತುವೆಯೇನೂ ಕಾಣುತ್ತಿಲ್ಲವಲ್ಲ, ಇಟ್ಟುಕೋ ಅಕ್ಕ, ಎಂದು ಹೇಳಿ ಪಾಂಗ್ ಹೋದ.

ಪರದೆ ಸರಿದಿತ್ತು ಲಾವ್ ಯಾನ್. ಚಾಲಕನ ಜಾಗದಲ್ಲಿ ಕೂತು ಬಾಯಿ ತುಂಬ ನಗುತ್ತಿದ್ದವನು ದು. ಕೈಯಲ್ಲಿ ಕೆಂಪು ಹೆಬ್ಬೆರಳಿನ ಗವಸು.

ಮೂರು ತಿಂಗಳು ನಾನು ನಂಬರ್ ನೋಡಿದೆ, ಸೀಟಿ ಕೇಳಿದೆ, ಗವಸು ನೋಡಿದೆ. ಮನುಷ್ಯನನ್ನು ನೋಡಲಿಲ್ಲ. ಮಾರನೇ ದಿನವೇ ದುವನ್ನು ಗೇಟಿನಲ್ಲಿ ಹಿಡಿದು ಕೇಳಿದೆ. ಮೊದಲು ಅತ್ತಿತ್ತ ನೋಡಿದ, ಆಮೇಲೆ ಹೇಳಿದ. ತರಗತಿಗೆ ಹೋದವರ ಎಂಜಿನ್ನಿಗೆ ಡಿಪೋದವರು ಈ ವರ್ಷ ಬದಲಿ ಆಳು ಹಾಕುತ್ತಿದ್ದಾರಂತೆ, ಹಿಂದೆಂದೂ ಇಲ್ಲದ ಪದ್ಧತಿ. ನಿನ್ನದಕ್ಕೆ ಅವನು. "ಲಾವ್ ಯಾನ್ ನನ್ನ ಕರ್ದು, ನಮ್ ರುಯಿಪಿಂಗ್ ಕಿವಿ ಬಲು ಚುರುಕು, ಸೀಟಿ ಬದಲಾದ್ರೆ ಗಾಬರಿ ಬೀಳ್ತಾಳೆ, ನೀನು ನನ್ ಥರಾನೇ ಹೊಡಿಬೇಕು ಅಂದ. ಎಂಟು ದಿನ ಯಾರ್ಡಲ್ಲಿ ನಿಲ್ಲಿಸ್ಕೊಂಡು ಕಲಿಸ್ದ ಅತ್ತಿಗೆ. ಗವಸೂ ಕೊಟ್ಟ," ಎಂದ. ಬಾಯ್‌ಷಿಯ ನಲವತ್ತು ನಿಮಿಷದ ಮಾತೆತ್ತಿದರೆ ಟೋಪಿ ಸರಿಮಾಡಿಕೊಂಡು ಹೊರಟುಬಿಟ್ಟ. ನಾನು ಗಾಬರಿ ಬೀಳಬಾರದು ಎಂದು ನೀನು ಪಟ್ಟ ಪಾಡು ಇದು, ಮಹಾರಾಯ. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಏನು ಹೋಗುತ್ತಿತ್ತು ನಿನ್ನ ಗಂಟು? ಈ ಸಿಟ್ಟು ನನಗೆ ಇನ್ನೂ ಇದೆ, ಇರಲಿ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಆ ಪತ್ರ ಬರೆದವಳು ನಾನು. ಕೈಬರಹದ ಗುರುತು ಸಿಗಬಾರದೆಂದು ಎಡಗೈಯಲ್ಲಿ ಬರೆದೆ. ದಿನ ಮತ್ತು ಹೊತ್ತು ಬರೆದರೆ ಗೇಟಿನವಳೇ ಎಂದು ಗೊತ್ತಾಗುತ್ತದೆಂದು ಅದನ್ನು ಬಿಟ್ಟೆ. ಅಂಚೆಗೆ ಹಾಕಿ ಬಂದ ಸಂಜೆ ನಿನಗೆ ಉಪ್ಪು ಹೆಚ್ಚಾದ ನೂಡಲ್ಸ್ ಬಡಿಸಿದೆ, ನೀನು ಬಟ್ಟಲು ಖಾಲಿ ಮಾಡಿ ನೀರು ಕುಡಿದೆ. ನಿನ್ನ ಹತ್ತಿರ ಕ್ಷಮೆ ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ನಾನು ತಪ್ಪು ಮಾಡಿದೆ.

ನಿನ್ನೆ ಸೋಮವಾರ ಡಿಪೋ ಕಚೇರಿಗೆ ಹೋಗಿದ್ದೆ. ಕೆಂಪು ಪುಸ್ತಕ, ಫೋಟೋ ಎರಡನ್ನೂ ಮೇಜಿನ ಮೇಲಿಟ್ಟು, ಬರೆದವಳು ನಾನು ಎಂದೆ. ಪುಸ್ತಕದ ಒಂದೊಂದು ಗುರುವಾರವನ್ನೂ ತರಗತಿಯ ಹಾಜರಿಯ ಪಕ್ಕ ಇಟ್ಟು ನೋಡಿದರು. ಒಂದೂ ತಪ್ಪಲಿಲ್ಲ. ನಿನ್ನನ್ನು ಹಿಡಿದುಕೊಡಲು ಬರೆದದ್ದೇ ನಿನ್ನನ್ನು ಬಿಡಿಸಿತು. ನಿನ್ನ ಹೆಸರು ಪಟ್ಟಿಗೆ ಮತ್ತೆ ಸೇರಿದೆ, ಇಪ್ಪತ್ತನೇ ತಾರೀಕು ಬೆಳಿಗ್ಗೆ ಎಂಟಕ್ಕೆ ಹೋಗು. ಪುಸ್ತಕವನ್ನು ಪಾಂಗ್ ತೆಗೆದುಕೊಂಡ. ಒಳಗೆ ಹಾಕಿಸಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ನನ್ನ ಬಾವುಟ ಹೋಯಿತು. ಮೇ ಒಂದರಿಂದ ನಾನು ಡಿಪೋದಲ್ಲಿ ಎಂಜಿನ್ನುಗಳ ಪರದೆ ಒಗೆಯಬೇಕು, ಗೇಟಿಗೆ ಬೇರೆ ಹೆಂಗಸು ಬರುತ್ತಾಳೆ, ಈ ಮನೆಯೂ ಅವಳದೇ. ನೀನು ಡೀಸೆಲ್ ತಂದು ಇಲ್ಲಿ ಸೀಟಿ ಹೊಡೆದರೆ ಕೇಳಲು ನಾನಿರುವುದಿಲ್ಲ. ಮನೆಗೆ ಎಷ್ಟು ಹೊತ್ತಿಗೆ ಬರುತ್ತೀಯೆಂದು ಇನ್ನು ಮುಂದೆ ಬಾಯಲ್ಲೇ ಹೇಳಿ ಹೋಗಬೇಕು.

ದುವಿನ ಬಾಗಿಲಿಗೆ ಹೋಗಿ ಆ ಫ್ಲಾಸ್ಕನ್ನು ಮರಳಿ ಕೇಳು. ಈ ಭಾನುವಾರ ಮನೆಗೆ ಬಾ. ಹಿಟ್ಟು ಕಲಸಿಟ್ಟಿರುತ್ತೇನೆ.

ನಿನ್ನವಳೇ ಆದ
ರುಯಿಪಿಂಗ್

ಮರೆತ ಮಾತು: ಕಚೇರಿಗೆ ಕೊಟ್ಟ ಫೋಟೋದ ಬಲ ಅಂಚನ್ನು ನಾನು ಕತ್ತರಿಯಿಂದ ಕತ್ತರಿಸಿಯೇ ಕೊಟ್ಟೆ. ಅಲ್ಲಿ ವಿಧವೆ ತಾಂಗ್ ಬಟ್ಟೆಯಲ್ಲಿ ಸುತ್ತಿದ ಬನ್ನುಗಳನ್ನು ಮೇಲಕ್ಕೆ ಕೊಡುತ್ತಿದ್ದಳು, ಅವಳ ಇನ್ನೊಂದು ಕೈ ಆ ಗವಸಿನ ಮೇಲಿತ್ತು. ಬಿಸಿ ಬನ್ನು ಕೊಡುವವಳ ಕೈ ಎಲ್ಲಿಯಾದರೂ ಇರಬಹುದು, ನನಗೇನು ಗೊತ್ತು. ತುಂಡನ್ನು ಒಲೆಗೆ ಹಾಕಿದೆ. ನಿನ್ನೆ ಸಂಜೆ ದುವಿನ ಹೆಂಡತಿ ಬಂದಿದ್ದಳು, ನಿನ್ನ ಅಪ್ಪಣೆ ಮೀರಿ ಒಳಗೆ ಕೂರಿಸಿ ಚಹಾ ಕೊಟ್ಟೆ. ಅದೂ ಇದೂ ಮಾತಾಡಿ, ಏಳುವಾಗ ಕೇಳಿದಳು, ಗುರುವಾರ ೬೪೧೭ ಬಾಯ್‌ಷಿಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು. ನಾನು ಅದನ್ನೆಲ್ಲ ನೋಡುವುದಿಲ್ಲ ಎಂದೆ. ಅವಳು ನಂಬಲಿಲ್ಲ.