ಮೈನಸ್ ಐದನ್ನು ನುಂಗಿದ ಸಾಲು

ಕೆಳಪೇಟೆ, ಕಡಲತಳ
ಇಸವಿ 2391, ಹದಿಮೂರನೆಯ ತಿಂಗಳು, ತಾರೀಕು ನಲವತ್ತು

ಕಂಪ್ಯೂಟರಿನ ಕರ್ನಲ್ ಬರೆಯುವ ಮಹನೀಯರಿಗೆ,

ತಾರೀಕು ನೋಡಿ ನಗಬೇಡಿ. ನಮ್ಮ ಕ್ಯಾಲೆಂಡರ್ ಕೂಡ ನಿಮ್ಮ ಕಾಲದವರೇ ಬರೆದದ್ದು. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ, ಇನ್ನೂರು ಆಳುದ್ದ ನೀರಿನಡಿ ಬೆಳೆದ ಕನ್ನಡ ಇದು. ಪತ್ರದ ತಲೆಯಲ್ಲಿ ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಬರೆಯುವ ಪದ್ಧತಿ ನಮ್ಮಲ್ಲೂ ಉಳಿದಿದೆ. ಈ ಸಲ ಹಾಗೆ ಬರೆಯಲು ಕೈ ಏಳಲಿಲ್ಲ.

ನಮ್ಮ ಪ್ರತಿ ಮನೆಗೂ ಒಂದು ಉಸಿರುಬಾಗಿಲು. ಗಾಳಿ ಒಳಬಿಡುವ ಕವಾಟಕ್ಕೆ ನಾವಿಟ್ಟ ಹೆಸರು. ಅದನ್ನು ತೆರೆದು ಮುಚ್ಚುವುದು ಯಂತ್ರಗಳನ್ನೆಲ್ಲ ಆಳುವ ಮೂಲ ಪ್ರೋಗ್ರಾಮ್, ನಿಮ್ಮ ಕರ್ನಲ್. ಕೆಲಸ ಆದರೆ ಸೊನ್ನೆ ಹೇಳುತ್ತದೆ, ಕೆಟ್ಟರೆ ಮೈನಸ್ ಐದೋ ಹನ್ನೆರಡೋ. ಹಾಗಾಗಿ ಬೆಳಿಗ್ಗೆ ಎದುರಾದವರನ್ನು ‘ಸೊನ್ನೆಯಾ?’ ಎಂದು ವಿಚಾರಿಸುತ್ತೇವೆ, ‘ಸೊನ್ನೆ, ನಿಮ್ಮದು?’ ಎಂಬುದು ಮರ್ಯಾದಸ್ಥರ ಉತ್ತರ. ಮದುವೆಯ ಕರೆಯೋಲೆಯ ಮೂಲೆಗೂ ಅರಿಶಿನದಲ್ಲಿ ಒಂದು ಸೊನ್ನೆ.

ಮೊನ್ನೆ ಮಧ್ಯಾಹ್ನ ತಂಗಿ ವಾರಿಜ ಕರೆ ಮಾಡಿದಳು: “ಅಣ್ಣ, ತಲೆ ಭಾರ ಕಣೋ. ಪಾಪು ಎಳ್ಕೊಂಡೆಳ್ಕೊಂಡು ಉಸಿರಾಡ್ತಿದೆ.” ನಾನು ಗಾಳಿಮನೆಯ ಕಾವಲುಗಾರ. ಬಾಗಿಲುಗಳ ಅಂಕಿ ತೋರಿಸುವ ಹಲಗೆ ನೋಡಿದೆ, ಅವಳದಕ್ಕೆ ಸೊನ್ನೆ. “ನಿನ್ನ ಬಾಗ್ಲು ಸರಿಯಾಗೇ ಇದೆ ಕಣೆ. ಶುಂಠಿ ಕಷಾಯ ಕುಡಿದು ಮಲಕ್ಕೋ” ಎಂದೆ. ಎರಡನೆಯ ಸಲ ಕರೆದಾಗ ಅವಳಿಗೆ ಮಾತೇ ಬರಲಿಲ್ಲ. ಓಡಿದೆ. ಹಾರೆಯಿಂದ ಉಸಿರುಬಾಗಿಲು ಮೀಟಿ ತೆರೆಯುವ ಹೊತ್ತಿಗೆ ಮಗುವಿನ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಈಗ ಅಳುತ್ತದೆ, ಹಾಲು ಕುಡಿಯುತ್ತದೆ.

ಹಳೆಯ ಕೋಡ್ ತೆಗೆಸಿ ಓದಿದೆವು. ಬಾಗಿಲು ಸುಳ್ಳು ಹೇಳಿರಲಿಲ್ಲ. ಯಂತ್ರ ಓಗೊಡುತ್ತಿಲ್ಲವೆಂದು ಮೈನಸ್ ಐದು ಕೂಗುತ್ತಲೇ ಇತ್ತು. ನಡುವೆ ಸುದ್ದಿ ದಾಟಿಸುವ ಕೋಡಿನ ತುಂಡೊಂದು, ನಿಮ್ಮ ಮಾತಿನಲ್ಲಿ ಫಂಕ್ಷನ್, ಅದನ್ನು ಕಿವಿಗೆ ಹಾಕಿಕೊಳ್ಳದೆ ಮೇಲಿನವರಿಗೆ ಸೊನ್ನೆ ಒಪ್ಪಿಸಿತ್ತು. ನಮ್ಮ ಗುಮಾಸ್ತರೂ ಹೀಗೇ ಮಾಡುತ್ತಾರೆ, ಆದರೆ ಅವರ ಕೈಗೆ ಯಾರೂ ಗಾಳಿ ಕೊಟ್ಟಿಲ್ಲ. ಸಾಲಿನ ಪಕ್ಕದಲ್ಲಿ ನಿಮ್ಮ ಟಿಪ್ಪಣಿ: ‘ಇದು ಫೇಲ್ ಆಗಲ್ಲ. ಆಯ್ತಂದ್ರೆ ಆಮೇಲೆ ನೋಡೋಣ.’ ಸ್ವಾಮಿ, ಆ ‘ಆಮೇಲೆ’ ನಾವೇ.

ಊರಿನ ಎಲ್ಲ ಬಾಗಿಲುಗಳ ಸುದ್ದಿಯೂ ಅದೇ ಸಾಲನ್ನು ಹಾದು ಬರುತ್ತದೆ. ತಿದ್ದಬೇಕೆಂದರೆ ಕರ್ನಲ್ ನಿಲ್ಲಿಸಬೇಕು. ನಿಲ್ಲಿಸಿದರೆ ಎಲ್ಲ ಬಾಗಿಲೂ ಒಟ್ಟಿಗೆ ಮುಚ್ಚುತ್ತವೆ, ಊರಿಗೆ ಇರುವುದು ಮೂರೇ ಹಾರೆ. ಆದರೆ ನಿಮ್ಮ ಕಾಲದಲ್ಲಿ, ನಿಮ್ಮ ಪರದೆಯ ಮೇಲೆ ಆ ಸಾಲು ಇನ್ನೂ ಹಸಿಯಾಗಿದೆ. ಬಾಗಿಲಿನಿಂದ ಹಿಂದಿರುಗಿ ಬಂದ ಸಂಖ್ಯೆಯನ್ನು ದಯವಿಟ್ಟು ನೋಡಿ. ನಿಮ್ಮಿಂದ ಸರಿಪಡಿಸಲಾಗದಿದ್ದರೆ, ಕೆಲಸಕ್ಕೆಂದು ಹಿಡಿದುಕೊಂಡ ಕಂಪ್ಯೂಟರ್ ಮೆಮೊರಿ ಬಿಟ್ಟುಕೊಟ್ಟು, ಅದೇ ಸಂಖ್ಯೆಯನ್ನು ಮೇಲಕ್ಕೆ ಕಳಿಸಿ. ನುಂಗಬೇಡಿ.

ಈಗ ಇಲ್ಲಿ ಯಾರೂ ಯಾರನ್ನೂ ‘ಸೊನ್ನೆಯಾ’ ಎಂದು ಕೇಳುವುದಿಲ್ಲ. ವಾರಿಜ ಮಗುವಿನ ಮೂಗಿನ ಮುಂದೆ ಬೆರಳು ಹಿಡಿದು ಕೂತಿದ್ದಾಳೆ. ಎದುರಿನ ಹಲಗೆ ಸೊನ್ನೆ ತೋರಿಸುತ್ತಲೇ ಇದೆ. ಅವಳು ಅತ್ತ ನೋಡುವುದಿಲ್ಲ.

ಗಾಳಿಮನೆಯ ಕಾವಲಿನಿಂದ,
ಅಪ್ರಮೇಯ