ಕುಂಟಿ ಕುಕ್ಕಿದಳು

ರೀ,

ಪಾಳಿ ಮುಗಿಸಿ ಈಗಷ್ಟೇ ಮಲಗಿದ್ದೀರಿ, ಎಬ್ಬಿಸಲಿಲ್ಲ. ಪಾತ್ರೆ ತೊಳೆಯುತ್ತಿದ್ದೆ, ಹಿತ್ತಲಲ್ಲಿ ಕಿರುಚಾಟ. ಓಡಿದರೆ ಹೊಸ ಕೋಳಿಮರಿಯ ನೆತ್ತಿಯೆಲ್ಲ ರಕ್ತ! ಕುಕ್ಕುತ್ತಿದ್ದವಳು ನಮ್ಮ ಕುಂಟಿ! ಫಾರಂ ಪಂಜರದಿಂದ ಬಿಡಿಸಿ ತಂದಾಗಿನಿಂದ ನೊಣಕ್ಕೂ ಹೆದರುವವಳು!

ಇನ್ನೊಂದು ವಾರ ಅವುಗಳ ನಡುವೆ ಬಲೆ ಇರಲಿ ಅಂತ ಬಡ್ಕೊಂಡೆ. ನೀವು ಬಿಚ್ಚಿ ಟೊಮೆಟೊ ಸಸಿಗೆ ಹೊದಿಸಿದ್ದೀರಿ! ಎದ್ದ ತಕ್ಷಣ ಮತ್ತೆ ಕಟ್ಟಿ.

ಮರಿಗೆ ಮುಲಾಮು ಹಚ್ಚಿ ಅಡುಗೆಮನೆಯ ಬುಟ್ಟಿಯಲ್ಲಿಟ್ಟಿದ್ದೇನೆ. ನೀರು ಕುಡಿಸಿ.

ಕುಂಟಿಯನ್ನು ವಾಪಸ್ ಬಿಟ್ಟುಬರುವ ಮಾತು ಮಾತ್ರ ಎತ್ತಬೇಡಿ. ಮಗಳು ಆಗಿನಿಂದ ಅವಳ ಪುಕ್ಕವಿಲ್ಲದ ಬೆನ್ನನ್ನೇ ನೋಡುತ್ತ ನಿಂತಿದ್ದಳು. ಈಗ ಕೇಳಿದಳು: “ಅಮ್ಮಾ, ಫಾರಂನಲ್ಲಿ ಬೇರೆ ಕೋಳಿಗಳು ಇವಳನ್ನೂ ಹೀಗೇ ಕುಕ್ತಿದ್ವಾ?”